ಕೂಸು ಹುಟ್ಟುವ ಮುನ್ನ ಕುಲಾವಿ

ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಅಂತರ್ಜಾಲದಲ್ಲಿ ವೀಡಿಯೊ ಆಟಗಳನ್ನು ಮಾರುವ ಅಂಗಡಿಗಳಾದರೋ ಆ ಕುಲಾವಿಯ ಹಣವನ್ನು ಗಿರಾಕಿಗಳಿಂದಲೇ ಮುಂಗಡವಾಗಿ ಪಡೆಯುವ ಪದ್ಧತಿಯನ್ನು ಬೆಳೆಸಿಕೊಂಡಿವೆ. ಅಮೆರಿಕದ ವಾಲ್ವ್ ಸಂಸ್ಥೆಯು ೨೦೦೩ರಲ್ಲಿ ಆರಂಭಿಸಿದ ಸ್ಟೀಮ್ ಇಂತಹ ಅಂಗಡಿಗಳಲ್ಲಿ ಪ್ರಮುಖವಾದುದು. ೨೦೧೫ರಿಂದ ಅದು ರೂಪಾಯಿಯಲ್ಲಿಯೂ ಬೆಲೆ ಹೇಳುತ್ತಲಿದೆ. ನಮ್ಮ ನಾಡಿನ ತರುಣರೂ ಅದರ ಗಿರಾಕಿಗಳಾಗಿರುವರು. ಆದುದರಿಂದ ಈ ವಿಷಯವನ್ನು ಮಕ್ಕಳಾಟವೆಂದು ತಳ್ಳಿಹಾಕುವುದು ಸರಿಯಲ್ಲ.

ಬರಲಿರುವ ಆಟವನ್ನು ಮುಂಚಿತವಾಗಿ ಸಾರುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಸ್ಟೀಮಿನ ನಿಯಮದಂತೆ ಪ್ರತಿಯೊಂದು ಹೊಸ ಆಟದ ಪುಟವೂ ಬಿಡುಗಡೆಗೆ ಕನಿಷ್ಠ ಎರಡು ವಾರ ಮೊದಲು 'ಶೀಘ್ರದಲ್ಲಿ ಬರಲಿದೆ' ಎಂಬ ಸೂಚನೆಯೊಡನೆ ಜನರಿಗೆ ಕಾಣಿಸತಕ್ಕದ್ದು. ಇಷ್ಟವಾದವರು ಅದನ್ನು ತಮ್ಮ ಅಪೇಕ್ಷೆಯ ಪಟ್ಟಿಗೆ ಸೇರಿಸಿಕೊಳ್ಳಬಹುದು; ಆಟವು ಬಿಡುಗಡೆಯಾದ ದಿನ ಅವರಿಗೆ ಮಿಂಚಂಚೆ ತಲಪುವುದು. ಇದರಲ್ಲಿ ಹಣದ ಮಾತಿಲ್ಲ. ವರ್ಷದಲ್ಲಿ ಕೆಲವು ಬಾರಿ ನಡೆಯುವ 'ನೆಕ್ಸ್ಟ್ ಫೆಸ್ಟ್' ಎಂಬ ಮೇಳದಲ್ಲಿ ಬರಲಿರುವ ಆಟಗಳ ಮಾದರಿಗಳನ್ನು ಯಾರಾದರೂ ಉಚಿತವಾಗಿ ಆಡಿನೋಡಬಹುದು. ಕಾಳನ್ನು ಅಂಗೈಯಲ್ಲಿ ಹಿಡಿದು ನೋಡಿ ಕೊಳ್ಳುವ ನಮ್ಮ ಸಂತೆಯ ನ್ಯಾಯವೇ ಇದು. ಇದನ್ನು ನಾವು ಮನಸಾರೆ ಒಪ್ಪುತ್ತೇವೆ.

ನಮ್ಮ ಆಕ್ಷೇಪಣೆಯಿರುವುದು ಮುಂಗಡ ಮಾರಾಟದ ವಿಷಯದಲ್ಲಿ. ಆಟಗಳು ಡಬ್ಬಿಯಲ್ಲಿ ಬರುತ್ತಿದ್ದ ಕಾಲದಲ್ಲಿ ಸರಕು ಮುಗಿದೀತೆಂಬ ಭಯವು ನ್ಯಾಯವಾಗಿದ್ದಿತು. ಮುಂಗಡ ಕೊಟ್ಟವನಿಗೆ ಪ್ರತಿಯೊಂದು ಮೀಸಲಾಗುತ್ತಿದ್ದಿತು. ಅಂತರ್ಜಾಲದಿಂದ ಇಳಿಸಿಕೊಳ್ಳುವ ಸರಕಿಗೆ ಮುಗಿಯುವುದೆಂಬುದೇ ಇಲ್ಲ. ಹಾಗಿರಲು, ಮೊದಲೇ ಹಣ ಕೊಡುವುದರಿಂದ ಗಿರಾಕಿಗೆ ಆಗುವ ಲಾಭವೇನು? ಒಂದೆರಡು ಅಲಂಕಾರಗಳನ್ನು ಕೊಡುಗೆಯಾಗಿ ತೋರಿಸಿ, ವಿಮರ್ಶಕರ ಮಾತು ಹೊರಬೀಳುವ ಮೊದಲೇ ಅವನ ಕೈಯಿಂದ ಹಣ ಬಿಡಿಸುವುದೇ ಇದರ ಪ್ರಯೋಜನವೆಂದು ತೋರುತ್ತದೆ.

ಇದಕ್ಕೆ ನಿದರ್ಶನವಾಗಿ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಸಂಸ್ಥೆಯ 'ಸೈಬರ್‌ಪಂಕ್ ೨೦೭೭' ಎಂಬ ಆಟವನ್ನು ನೋಡಬಹುದು. ೨೦೧೨ರಲ್ಲಿ ಘೋಷಿತವಾದ ಈ ಆಟದ ಬಿಡುಗಡೆಯು ೨೦೨೦ರ ಏಪ್ರಿಲಿನಿಂದ ಸೆಪ್ಟೆಂಬರಿಗೆ, ಅಲ್ಲಿಂದ ನವೆಂಬರಿಗೆ, ಕೊನೆಗೆ ಡಿಸೆಂಬರ್ ೧೦ಕ್ಕೆ ಮುಂದೂಡಲ್ಪಟ್ಟಿತು. ಅಷ್ಟರೊಳಗೆ ಎಂಬತ್ತು ಲಕ್ಷ ಪ್ರತಿಗಳು ಮುಂಗಡವಾಗಿ ಮಾರಾಟವಾಗಿದ್ದವು. ಹಳೆಯ ಕನ್ಸೋಲುಗಳಲ್ಲಿ ಆಟವು ಹೇಗೆ ನಡೆಯುವುದೆಂಬುದನ್ನು ಪರೀಕ್ಷಿಸುವ ಅವಕಾಶವು ವಿಮರ್ಶಕರಿಗೆ ಮೊದಲು ದೊರೆಯಲಿಲ್ಲ. ಬಿಡುಗಡೆಯಾದ ಮೇಲೆ ದೋಷಗಳು ಬಯಲಾದವು. ವಾರ ಕಳೆಯುತ್ತಿದ್ದಂತೆ ಸೋನಿ ಸಂಸ್ಥೆಯು ಅದನ್ನು ತನ್ನ ಅಂಗಡಿಯಿಂದ ತೆಗೆದುಹಾಕಿ ಹಣ ಹಿಂದಿರುಗಿಸುವುದಾಗಿ ಸಾರಿತು. ೨೦೨೧ರ ಜೂನಿನವರೆಗೆ ಅದು ಅಲ್ಲಿಗೆ ಮರಳಲಿಲ್ಲ. ಮುಂದೆ ಆ ಸಂಸ್ಥೆಯು ಶ್ರಮಪಟ್ಟು ಆಟವನ್ನು ತಿದ್ದಿತೆಂಬುದು ನಿಜ. ಆದರೆ ತಿದ್ದುವ ಕೆಲಸವು ಹಣ ಪಡೆಯುವುದಕ್ಕೆ ಮೊದಲು ಆಗಬೇಕಾಗಿದ್ದಿತು.

ಹಣವಿಲ್ಲದ ಅಪೇಕ್ಷೆಯ ಪಟ್ಟಿಯೂ ಕೆಲವೊಮ್ಮೆ ಮೋಸಕ್ಕೆ ಎಡೆಗೊಡಬಲ್ಲದು. 'ದಿ ಡೇ ಬಿಫೋರ್' ಎಂಬ ಆಟವು ಒಂದು ಕಾಲದಲ್ಲಿ ಸ್ಟೀಮಿನ ಆ ಪಟ್ಟಿಯಲ್ಲಿ ಅಗ್ರಸ್ಥಾನದಲ್ಲಿದ್ದಿತು. ಆ ಸಂಖ್ಯೆಯನ್ನೇ ಗುಣದ ಪ್ರಮಾಣವೆಂದು ಜನರು ನಂಬಿದರು. ಹಲವು ಬಾರಿ ಮುಂದೂಡಲ್ಪಟ್ಟು ೨೦೨೩ರ ಡಿಸೆಂಬರ್ ೭ರಂದು ಹೊರಬಿದ್ದಾಗ, ತೋರಿಸಿದ ಆಟವೊಂದು, ಕೊಟ್ಟ ಆಟವೊಂದು ಎಂಬ ದೂರು ಎಲ್ಲೆಡೆ ಎದ್ದಿತು. ನಾಲ್ಕು ದಿನಗಳಲ್ಲಿ ತಯಾರಕ ಸಂಸ್ಥೆಯೇ ಬಾಗಿಲು ಮುಚ್ಚಿತು. ಕೊಂಡವರಿಗೆ ಹಣ ಹಿಂದಿರುಗಿತೆಂಬುದೊಂದೇ ಸಮಾಧಾನ.

ಮುಂಗಡವಿಲ್ಲದೆ ದೊಡ್ಡ ಆಟಗಳು ಮಾರಾಟವಾಗಲಾರವೆಂದು ವಾದಿಸುವವರುಂಟು. ಆಸ್ಟ್ರೇಲಿಯದ ಟೀಮ್ ಚೆರ್ರಿ ಎಂಬ ಕೆಲವೇ ಜನರ ಪುಟ್ಟ ತಂಡವು ಈ ವಾದಕ್ಕೆ ತಕ್ಕ ಉತ್ತರ ಕೊಟ್ಟಿದೆ. 'ಸಿಲ್ಕ್‌ಸಾಂಗ್' ಎಂಬ ಅವರ ಆಟವು ೨೦೧೯ರಲ್ಲಿ ಘೋಷಿತವಾಯಿತು. ಜನರು ಆರು ವರ್ಷಗಳಿಗೂ ಹೆಚ್ಚಾಗಿ ಕಾದರು. ತಂಡದವರು ಮುಂಗಡ ಕೇಳಲಿಲ್ಲ. ಎರಡು ವಾರ ಮೊದಲು ದಿನವನ್ನು ಸಾರಿ, ೨೦೨೫ರ ಸೆಪ್ಟೆಂಬರ್ ೪ರಂದು ಬಿಡುಗಡೆ ಮಾಡಿದರು. ಅಂದು ಕೊಳ್ಳುವವರ ನೂಕುನುಗ್ಗಲಿಗೆ ದೊಡ್ಡ ದೊಡ್ಡ ಅಂಗಡಿಗಳೇ ಕೆಲಹೊತ್ತು ಸ್ತಬ್ಧವಾದವು.

ಸ್ಟೀಮ್ ೨೦೧೫ರ ಜೂನಿನಿಂದ, ಕೊಂಡ ಹದಿನಾಲ್ಕು ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಹಿಂದಿರುಗಿಸುತ್ತಿದೆ; ಬಿಡುಗಡೆಗೆ ಮೊದಲು ಕೊಟ್ಟ ಮುಂಗಡವನ್ನು ಬಿಡುಗಡೆಯವರೆಗೂ ಹಿಂಪಡೆಯಬಹುದು. ಇದು ಶ್ಲಾಘ್ಯವಾದುದು, ಆದರೆ ಸಾಲದು. ಹಲವು ಹತ್ತು ಗಂಟೆಗಳ ಆಟದ ಗುಣದೋಷವು ಎರಡು ಗಂಟೆಗಳಲ್ಲಿ ತಿಳಿಯಲಾರದು. ಮಾರಾಟದಲ್ಲಿ ಸಾಮಾನ್ಯವಾಗಿ ನೂರಕ್ಕೆ ಮೂವತ್ತು ಪಾಲು ಪಡೆಯುವ ಅಂಗಡಿಯು, ತನ್ನ ಗೋಡೆಯ ಮೇಲೆ ಅಂಟಿಸಿದ ಜಾಹೀರಾತಿಗೆ ತಾನು ಹೊಣೆಯಲ್ಲವೆಂದು ಹೇಳುವುದು ನ್ಯಾಯವಲ್ಲ.

ನಾವು ಕೇಳುವುದು ಹೆಚ್ಚೇನೂ ಅಲ್ಲ. ವಿಮರ್ಶೆ ಹೊರಬೀಳುವ ತನಕ ಹಣ ಪಡೆಯಕೂಡದು. ಬಿಡುಗಡೆಯ ದಿನವು ಎಷ್ಟು ಬಾರಿ ಬದಲಾಯಿತೆಂಬುದನ್ನು ಅದೇ ಪುಟದಲ್ಲಿ ನಮೂದಿಸಬೇಕು. ತೋರಿಸುವ ಚಿತ್ರವು ನಿಜವಾದ ಆಟದ್ದೋ ಬರಿಯ ಜಾಹೀರಾತಿನದೋ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ನಮ್ಮ ದೇಶದ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸುವ ಅಧಿಕಾರವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಕೊಟ್ಟಿದೆ. ಆ ಪ್ರಾಧಿಕಾರವು ಈ ಅಂಗಡಿಗಳ ಕಡೆಗೂ ಒಮ್ಮೆ ದೃಷ್ಟಿ ಹರಿಸಲೆಂದು ನಾವು ಬಯಸುತ್ತೇವೆ.

ಅಲ್ಲಿಯವರೆಗೆ ನಮ್ಮ ತರುಣ ವಾಚಕರಿಗೆ ಒಂದು ಮಾತು. ಪಟ್ಟಿಯಲ್ಲಿ ಹೆಸರು ಬರೆದುಕೊಳ್ಳಿರಿ, ಉಚಿತ ಮಾದರಿಯನ್ನು ಆಡಿನೋಡಿರಿ, ಬಿಡುಗಡೆಯ ದಿನಕ್ಕಾಗಿ ಸಂತೋಷದಿಂದ ಕಾಯಿರಿ. ಆದರೆ ಹಣದ ಚೀಲವನ್ನು ಮಾತ್ರ ಕಟ್ಟಿಯೇ ಇಡಿರಿ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಯು ಈ ಹೊಸ ಸಂತೆಯಲ್ಲಿಯೂ ಸುಳ್ಳಾಗಿಲ್ಲ.