ಬೆಳ್ಳಿಯ ನಿಸಾಬ್ ಬಡವರ ಹಕ್ಕು

ಬೆಳ್ಳಿಯು ಇಂದು ಸೌರಫಲಕಗಳಿಗೆ ಬೇಕಾದ ಕೈಗಾರಿಕಾ ಲೋಹ, ಹಣವಲ್ಲ. ಆದ್ದರಿಂದ ನಗದಿನ ಝಕಾತ್‌ಗೆ ಚಿನ್ನದ ನಿಸಾಬ್ ಒಂದೇ ಸಾಕೆಂಬ ವಾದವು ದಾವಣಗೆರೆ, ಹರಿಹರಗಳ ಉಳ್ಳವರಲ್ಲೂ ಕೇಳಿಬರುತ್ತಿದೆ. ನಾವಿದನ್ನು ಒಪ್ಪಲಾರೆವು.

ಚಿನ್ನವೂ ವಿದ್ಯುನ್ಮಾನ ಉಪಕರಣಗಳಲ್ಲಿ ಬಳಕೆಯಾಗುತ್ತದೆ. ಅದರಿಂದ ಚಿನ್ನದ ನಿಸಾಬ್ ರದ್ದಾಯಿತೇ? ನಮ್ಮ ‘ರೂಪಾಯಿ’ ಎಂಬ ಪದದ ಮೂಲವೇ ಬೆಳ್ಳಿ. ಪವಿತ್ರ ಕುರ್‌ಆನಿನ ಅತ್ತೌಬಾ ಅಧ್ಯಾಯದ 34ನೆಯ ವಚನವು ಚಿನ್ನದೊಡನೆ ಬೆಳ್ಳಿಯನ್ನೂ ಹೆಸರಿಸಿ, ಕೂಡಿಟ್ಟು ಅಲ್ಲಾಹನ ಮಾರ್ಗದಲ್ಲಿ ವ್ಯಯಿಸದವರನ್ನು ಎಚ್ಚರಿಸಿದೆ. ಬೆಳ್ಳಿಯ ನಿಸಾಬ್ 200 ದಿರ್ಹಮ್ ಎಂಬುದು ಪ್ರವಾದಿ(ಸ)ರ ಸುನ್ನತ್. ಉಲಮಾಗಳ ಪ್ರಚಲಿತ ಲೆಕ್ಕದಲ್ಲಿ ಸುಮಾರು 612 ಗ್ರಾಂ. ಚಿನ್ನದ ಸುಮಾರು 87 ಗ್ರಾಂನ ಬೆಲೆ ಅದಕ್ಕಿಂತ ಹಲವು ಪಟ್ಟು ಹೆಚ್ಚು.

ಗೆರೆಯನ್ನು ಅಷ್ಟು ಮೇಲಕ್ಕೆ ಎಳೆದರೆ ಉಳಿಯುವುದು ಉಳ್ಳವರ ಹಣ. ಅಳಿಯುವುದು ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿಯುವ ನಮ್ಮ ಬಡ ಸಹೋದರರ ಹಕ್ಕು. ಲೋಹದ ಉಪಯೋಗ ಬದಲಾದೀತು, ಹಕ್ಕು ಬದಲಾಗದು.