19ಕ್ಕೆ ಬರ್ಲಿನ್, 46ಕ್ಕೆ ಪರ್ಮನೆಂಟ್ ಕೆಲಸ

"ಟ್ಯಾಲೆಂಟ್ ಇದ್ರೆ ಒಂದಲ್ಲ ಒಂದು ದಿನ ಗುರುತಿಸೇ ಗುರುತಿಸ್ತಾರೆ" ಅನ್ನೋ ರೀಲ್ ನಿಮ್ಮ ಫೀಡಲ್ಲೂ ಬಂದಿರುತ್ತೆ. ನಾನಂತೂ ಒಪ್ಪಲ್ಲ. ಕಾರಣ, ಡೆನ್ಮಾರ್ಕಿನ ರೂಡ್ ಲಾಂಗ್‌ಗೋರ್.

1913ರಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್ ಇವನ ಮೊದಲ ಸಿಂಫನಿ ನುಡಿಸಿತು. ಆಗ ವಯಸ್ಸು 19, ನನಗಿಂತ ಒಂದು ವರ್ಷ ಚಿಕ್ಕವನು ಗುರು! ಆದರೆ ಸ್ವಂತ ದೇಶದಲ್ಲಿ ಕೇಳೋರೇ ಕಡಿಮೆ. ಅಲ್ಲಿ ಕಾರ್ಲ್ ನೀಲ್ಸನ್ ಅವರದ್ದೇ ಹವಾ. ಚರ್ಚ್‌ಗಳಲ್ಲಿ ಆರ್ಗನ್ ನುಡಿಸೋ ಕೆಲಸಕ್ಕೆ ಅರ್ಜಿ ಹಾಕಿ ಹಾಕಿ, ಕೊನೆಗೆ ಸಿಕ್ಕಿದ್ದು 1940ರಲ್ಲಿ, ಕೋಪನ್‌ಹೇಗನ್‌ನಿಂದ ದೂರದ ರೀಬೆ ಊರಲ್ಲಿ.

1948ರಲ್ಲಿ ನೀಲ್ಸನ್‌ರನ್ನ ಹೊಗಳೋ ಒಂದೇ ವಾಕ್ಯ ಇಟ್ಕೊಂಡು ಕೋರಸ್ ಬರೆದ. ಸೂಚನೆ ಏನು ಗೊತ್ತಾ? ಇದನ್ನ ಅನಂತ ಕಾಲದವರೆಗೆ ರಿಪೀಟ್ ಮಾಡಿ! (ನೀಲ್ಸನ್ ತೀರಿಕೊಂಡು ಆಗಲೇ 17 ವರ್ಷ.) ಟ್ರೋಲ್ ಅಂದ್ರೆ ಇದಪ್ಪ.

16 ಸಿಂಫನಿ ಬರೆದು 1952ರಲ್ಲಿ ಹೋದ. 1968ರಲ್ಲಿ ಲಿಗೆಟಿಯಂಥ ಕಂಪೋಸರ್ ಇವನ 'ಮ್ಯೂಸಿಕ್ ಆಫ್ ದ ಸ್ಫಿಯರ್ಸ್' ಸ್ಕೋರ್ ನೋಡಿ ದಂಗಾದರು. ತಮ್ಮ ಹೊಸ ಶೈಲಿ ಅಂದುಕೊಂಡಿದ್ದನ್ನ ಇವನು 1918ರಷ್ಟರಲ್ಲೇ ಬರೆದು ಮುಗಿಸಿದ್ದ!

ಗುರುತಿಸಿದರು, ನಿಜ. ಸತ್ತು 16 ವರ್ಷ ಆದ್ಮೇಲೆ. ಕಾಮರ್ಸ್ ಮಂದಿ ಹೇಳಿ, ಇದನ್ನ ಯಾರ ಖಾತೆಗೆ ಜಮಾ ಮಾಡ್ತೀರಾ?

ಇಯರ್‌ಫೋನ್ ಹಾಕ್ಕೊಂಡು ಒಂದ್ಸಲ ಕೇಳಿ. ಕಾಮೆಂಟಲ್ಲಿ ಜಗಳ ಆಡೋಣ.