ಶ್ರೀಶೈಲ ಪಾದಯಾತ್ರೆ: ಕರ್ನೂಲಿನಲ್ಲಿ ತಂಗುವ ಜಾಗ ಯಾರು ಆರಿಸಬೇಕು?

ಯುಗಾದಿಗೆ ಇನ್ನೂ ತಿಂಗಳು ಇರುವಾಗಲೇ ನಮ್ಮ ಕಡೆಯ ಊರುಗಳಲ್ಲಿ ಲೆಕ್ಕ ಶುರುವಾಗುತ್ತದೆ. ಕಂಬಿ ಯಾವ ದಿನ ಏಳುತ್ತದೆ, ಎಷ್ಟು ಮಂದಿ ನಡೆಯುತ್ತಾರೆ, ಸಾಮಾನಿನ ಗಾಡಿ ಯಾರದು, ರೊಟ್ಟಿ ಎಷ್ಟು ಬಡಿಯಬೇಕು, ಶೇಂಗಾ ಚಟ್ನಿ ಎಷ್ಟು ಕುಟ್ಟಬೇಕು. ಗುಡಿಕಟ್ಟೆಯ ಮೇಲೆ ಕೂತು ಇದೆಲ್ಲ ಮಾತಾಡುತ್ತೇವೆ. ಒಂದು ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಕರ್ನೂಲಿನಲ್ಲಿ ಎಲ್ಲಿ ಮಲಗುವುದು?

"ಅಲ್ಲಿ ಹೋದ ಮ್ಯಾಲ ನೋಡೂಣು ಬಿಡೋ" ಅನ್ನುತ್ತೇವೆ. ನಾನೂ ಹಾಗೆ ಅಂದವನೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಹೊರಟವರು ಹಳ್ಳಿಗಳಲ್ಲಿ ತಂಗಲು ಚಿಂತೆ ಮಾಡಬೇಕಿಲ್ಲ. ದಾರಿಯುದ್ದಕ್ಕೂ ದಾಸೋಹ ಇರುತ್ತದೆ. ಗುಡಿ, ಶಾಲೆ, ಯಾರದೋ ಕಣ, ಯಾರದೋ ಪಡಸಾಲೆ ಸಿಗುತ್ತದೆ. ಕಾಲಿಗೆ ಬಿಸಿನೀರು ಹಾಕಿ ಎಣ್ಣೆ ತಿಕ್ಕುವವರೂ ಇದ್ದಾರೆ. ಹೆಂಗಸರು ಯಾರದಾದರೂ ಮನೆಯ ಹಿತ್ತಲಿಗೆ ಹೋಗಿ "ಅವ್ವಾ, ಬಚ್ಚಲ ಎಲ್ಲೈತಿ?" ಅಂತ ಕೇಳಿದರೆ ಆಯಿತು.

ಪಟ್ಟಣದಲ್ಲಿ ಹಾಗಲ್ಲ. ಕರ್ನೂಲು ತುಂಗಭದ್ರೆ ಮತ್ತು ಹಂದ್ರಿ ಸೇರುವ ಕಡೆ ಇರುವ ದೊಡ್ಡ ಊರು. 1953ರಿಂದ 1956ರವರೆಗೆ ಆಂಧ್ರ ರಾಜ್ಯದ ರಾಜಧಾನಿಯಾಗಿತ್ತು. ಅಲ್ಲಿ ಯಾರ ಹಿತ್ತಲಿಗೂ ಹೋಗಲು ಬರುವುದಿಲ್ಲ. ಬಯಲು ಅನ್ನುವುದೂ ಸಿಗುವುದಿಲ್ಲ. ಅಲ್ಲಿ ಜಾಗ ಆರಿಸಲೇಬೇಕು. ನಮ್ಮ ತಂಡಗಳಲ್ಲಿ ಆ ಜಾಗ ಆರಿಸುವವರು ಗಂಡಸರೇ, ನೋಡುವುದು ರೊಕ್ಕವನ್ನೇ.

ನಾನು ಮಾಡಿದ ತಪ್ಪು

ಮೂರು ವರ್ಷದ ಹಿಂದೆ ನಮ್ಮ ಓಣಿಯಿಂದ 31 ಮಂದಿ ಹೊರಟೆವು. ಅದರಲ್ಲಿ 11 ಹೆಂಗಸರು. ನಮ್ಮ ಚಿಗವ್ವನೂ ಇದ್ದಳು. ಅವಳದು ಐದು ವರ್ಷ ನಡೆಯುವ ಹರಕೆ, ಅದು ನಾಲ್ಕನೆಯದು.

ನಾನು ಪೇಪರಿಗೆ ಸುದ್ದಿ ಕೊಡುವವನು, ನಾಲ್ಕು ಮಂದಿಯ ಪರಿಚಯ ಇದೆ. ಫೋನ್ ಹಚ್ಚಿ ಕರ್ನೂಲಿನಲ್ಲಿ ಒಂದು ಹಾಲ್ ಪುಕ್ಕಟೆಯಾಗಿ ಹೊಂದಿಸಿದೆ. ಎಲ್ಲರೂ "ಭಾರಿ ಕೆಲಸ ಮಾಡಿದಿ" ಅಂದರು. ನನಗೂ ಎದೆ ಉಬ್ಬಿತ್ತು.

ಸಂಜೆ ಅಲ್ಲಿಗೆ ಹೋದರೆ ನಮ್ಮಂಥ ನಾಲ್ಕೈದು ತಂಡ ಮೊದಲೇ ಬಂದಿತ್ತು. 200ಕ್ಕೂ ಹೆಚ್ಚು ಮಂದಿ. ಸಂಡಾಸ ಎರಡೇ. ಒಂದಕ್ಕೆ ಕೀಲಿ ಹಾಕಿತ್ತು, ಇನ್ನೊಂದಕ್ಕೆ ರಾತ್ರಿ ಎಂಟಕ್ಕೇ ನೀರು ನಿಂತಿತು. ಗಂಡಸರು ಗೋಡೆ ಹಿಡಿದು ಹೊರಗೆ ಹೋದರು. ಹೆಂಗಸರು ಕೂತೇ ಇದ್ದರು.

ಚಿಗವ್ವ ಊಟ ಮಾಡಿದವಳು ನೀರು ಮುಟ್ಟಲಿಲ್ಲ. "ಯಾಕ ಚಿಗವ್ವಾ, ನೀರ ಕುಡಿ" ಅಂದೆ.

"ಕುಡದ್ರ ಹೋಗೂದೆಲ್ಲಿ ತಮ್ಮಾ?" ಅಂದಳು.

ಆ ಒಂದು ರಾತ್ರಿಯದಷ್ಟೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಹಿಂದಿನ ಎರಡು ಮೂರು ದಿನದಿಂದಲೂ ಅವಳು ಬಿಸಿಲಲ್ಲಿ ನಡೆಯುತ್ತ ನೀರು ಕಡಿಮೆ ಮಾಡಿದ್ದಳು. ರಸ್ತೆಯ ಮೇಲೆ ಗಾಡಿಗಳ ಸಾಲು, ಮರೆ ಇಲ್ಲ. ಪಟ್ಟಣಕ್ಕೆ ಹೋದ ಮೇಲೆ ಅನುಕೂಲ ಆಗುತ್ತದೆ ಅಂತ ಕಾದಿದ್ದಳು. ನಸುಕಿನಲ್ಲಿ ಚಳಿಜ್ವರ ಬಂತು, ಹೊಟ್ಟೆ ಹಿಡಿದುಕೊಂಡು ಅತ್ತಳು. ಡಾಕ್ಟರು ಮೂತ್ರದ ಸೋಂಕು ಅಂದರು. ನಡೆಯುವಂತಿಲ್ಲ, ನೀರು ಚೆನ್ನಾಗಿ ಕುಡಿಯಬೇಕು ಅಂದರು. ಅವಳನ್ನೂ ಅವಳ ಮಗನನ್ನೂ ಬಸ್ಸಿಗೆ ಹತ್ತಿಸಿ ಕಳಿಸಿದೆವು. ಹೋಗುವಾಗ ಭ್ರಮರಾಂಬೆಗೆ ಅಂತ ತಂದಿದ್ದ ಸೀರೆಯನ್ನು ನನ್ನ ಕೈಗೆ ಕೊಟ್ಟಳು. ಒಂದು ಮಾತೂ ಬೈಯಲಿಲ್ಲ.

ಕರ್ನೂಲಿನವರೆಗೆ ನಡೆದ ಕಾಲು ಅವಳದು. ಅವಳನ್ನು ನಿಲ್ಲಿಸಿದ್ದು ಕಾಲು ಅಲ್ಲ. ನಾನು ಆರಿಸಿದ ಜಾಗ.

ಕರ್ನೂಲೇ ಯಾಕೆ ಮುಖ್ಯ

ಮಂತ್ರಾಲಯ, ಎಮ್ಮಿಗನೂರು ದಾಟಿ ಬರುವವರಿರಲಿ, ರಾಯಚೂರು ಕಡೆಯಿಂದ ಬಂದು ತುಂಗಭದ್ರೆಯ ಸೇತುವೆ ದಾಟುವವರಿರಲಿ, ಈ ದಾರಿ ಹಿಡಿದವರಿಗೆ ಕರ್ನೂಲು ಕೊನೆಯ ದೊಡ್ಡ ಪಟ್ಟಣ. ಮುಂದೆ ನಂದಿಕೊಟ್ಕೂರು, ಆತ್ಮಕೂರು, ವೆಂಕಟಾಪುರ. ಅಲ್ಲಿಂದ ನಲ್ಲಮಲ ಕಾಡು. ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ, ಕೈಲಾಸದ್ವಾರ. ಕಾಡಿನಲ್ಲಿ ಏರು, ಇಳಿವು, ಕಲ್ಲುಮೆಟ್ಟಿಲು. ಅಲ್ಲಿ ಕಾಯಿಲೆ ಬಿದ್ದರೆ ಹೊತ್ತು ತರಬೇಕು.

ಅಂದರೆ ಮೈ ಸರಿಮಾಡಿಕೊಳ್ಳಲು ಕರ್ನೂಲಿನ ಒಂದು ರಾತ್ರಿಯೇ ಕೊನೆಯ ಅವಕಾಶ. ಕಾಲಿನ ಗುಳ್ಳೆಗೆ ಪಟ್ಟಿ ಹಾಕಿಸುವುದು, ಸಕ್ಕರೆ ಕಾಯಿಲೆಯವರು, ಬಿಪಿಯವರು ಗುಳಿಗೆ ತುಂಬಿಕೊಳ್ಳುವುದು, ಬಟ್ಟೆ ಒಗೆದು ಒಣಹಾಕುವುದು, ಮೈತುಂಬ ಸ್ನಾನ, ಹೊಟ್ಟೆತುಂಬ ನೀರು, ಆರು ತಾಸು ನಿದ್ದೆ ಎಲ್ಲ ಅಲ್ಲೇ ಆಗಬೇಕು. ಉಳಿದ ಯಾವ ಊರಲ್ಲಿ ರೊಕ್ಕ ಉಳಿಸಿದರೂ ಅಡ್ಡಿಯಿಲ್ಲ, ಇಲ್ಲಿ ಉಳಿಸಬಾರದು ಅಂತ ನನ್ನ ಅಭಿಪ್ರಾಯ.

ಜಾಗ ನೋಡುವುದು ಹೇಗೆ

ಮರು ವರ್ಷ ನಾವು 30 ಮಂದಿ, ಅದರಲ್ಲಿ 12 ಹೆಂಗಸರು. ಮೂರು ರೂಮು ಹಿಡಿದೆವು, ರೂಮಿಗೆ 1,000 ರೂಪಾಯಿ. ಒಟ್ಟು 3,000. ಅದನ್ನು ಹೆಂಗಸರ ಮೇಲೆ ಹಾಕಲಿಲ್ಲ, ಮೂವತ್ತೂ ಮಂದಿ ತಲೆಗೆ 100 ರೂಪಾಯಿ ಹಾಕಿದೆವು. ಗಂಡಸರು ಹತ್ತಿರದ ಒಂದು ಗುಡಿಯ ಅಂಗಳದಲ್ಲಿ ಮಲಗಿದೆವು. ಊರಿಂದ ಹೊರಡುವ ಮೊದಲು ಚಾಕ್ಕೆ, ಎಲೆ ಅಡಿಕೆಗೆ ಖರ್ಚಾಗುವುದೇ ನೂರು ದಾಟುತ್ತದೆ.

ನಾವು ಕಲಿತದ್ದು ಇಷ್ಟು:

ಒಂದು, ಜಾಗವನ್ನು ಹೋಗಿ ನೋಡದೆ ಒಪ್ಪಬೇಡಿ. ಇಬ್ಬರು ಹುಡುಗರು ಬೈಕಿನಲ್ಲೋ ಬಸ್ಸಿನಲ್ಲೋ ಅರ್ಧ ದಿನ ಮೊದಲು ಹೋಗಲಿ. ಜೊತೆಗೆ ಒಬ್ಬ ಹೆಣ್ಣುಮಗಳು ಹೋಗಲಿ. ಗಂಡಸಿನ ಕಣ್ಣಿಗೆ ಕಾಣದ್ದು ಅವಳ ಕಣ್ಣಿಗೆ ಕಾಣುತ್ತದೆ. ಬಾಗಿಲಿಗೆ ಒಳಚಿಲಕ ಇದೆಯೇ, ದೀಪ ಇದೆಯೇ, ನೀರು ಬರುತ್ತಿದೆಯೇ.

ಎರಡು, ಮೊದಲು ಸಂಡಾಸ ಎಷ್ಟು ಅಂತ ಕೇಳಿ, ಬಾಡಿಗೆ ಎಷ್ಟು ಅಂತ ಆಮೇಲೆ. ನಲ್ಲಿ ತಿರುಗಿಸಿ ನೋಡಿ. ರಾತ್ರಿ ನೀರು ನಿಲ್ಲುತ್ತದೆಯೇ ಅಂತ ಕೇಳಿ.

ಮೂರು, ಮರುದಿನ ನಡೆಯುವ ದಿಕ್ಕಿಗೆ ಹತ್ತಿರ ಇರಲಿ. ನಾವು ನಸುಕಿನ ಮೂರಕ್ಕೋ ನಾಲ್ಕಕ್ಕೋ ಏಳುವವರು. ಪಟ್ಟಣದ ಈ ತುದಿಯಲ್ಲಿ ಮಲಗಿದರೆ ಕತ್ತಲಲ್ಲಿ ಇಡೀ ಊರು ದಾಟಬೇಕು, ಬೀದಿನಾಯಿ, ಲಾರಿ ಎರಡೂ ಕಾಡುತ್ತವೆ. ನಂದಿಕೊಟ್ಕೂರು ರಸ್ತೆಯ ಕಡೆ ಸಿಕ್ಕರೆ ಒಳ್ಳೆಯದು. ಆದರೆ ತೀರಾ ಊರಾಚೆ ಬೇಡ. ಔಷಧಿ ಅಂಗಡಿಗೆ ನಡೆದು ಹೋಗುವಷ್ಟು ಹತ್ತಿರ ಇರಬೇಕು.

ನಾಲ್ಕು, ಮಲಗುವುದು ನೆಲ ಅಂತಸ್ತಿನಲ್ಲಿರಲಿ. ಹತ್ತು ದಿನ ನಡೆದ ಮೊಣಕಾಲಿಗೆ ಮೆಟ್ಟಿಲು ವೈರಿ.

ಐದು, ಲಾಡ್ಜಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಆಧಾರ್ ಕಾರ್ಡು ಸಾಮಾನಿನ ಗಾಡಿಯಲ್ಲಿ ಬಿಡಬೇಡಿ, ಕೈಚೀಲದಲ್ಲಿರಲಿ. ಒಂದು ರೂಮಿನಲ್ಲಿ ನಾಲ್ಕು ಮಂದಿಗೆ ಒಪ್ಪುತ್ತಾರೆಯೇ ಅಂತ ಮೊದಲೇ ಮಾತಾಡಿ. ಹಬ್ಬದ ಹೊತ್ತಿಗೆ ಕೊನೆ ಗಳಿಗೆಯಲ್ಲಿ ಹೋದರೆ ರೂಮು ಸಿಗುವುದು ಕಷ್ಟ.

ತೆಲುಗು ಬರುವುದಿಲ್ಲ ಅಂತ ಹೆದರಬೇಡಿ. ತೆಲುಗು ಅಕ್ಷರ ನಮ್ಮ ಅಕ್ಷರದ ತಂಗಿ ಇದ್ದಂತೆ, ಕಣ್ಣಾಡಿಸಿದರೆ ಬೋರ್ಡು ಕೂಡಿಸಿ ಓದಬಹುದು. "ನೀಳ್ಳು ಉನ್ನಾಯಾ?" ಅಂದರೆ ನೀರಿದೆಯಾ ಅಂತ. ಅಷ್ಟು ಕಲಿತರೂ ಅರ್ಧ ಕೆಲಸ ಆಗುತ್ತದೆ.

ಬೇಡ ಅನ್ನುವವರಿಗೆ

ಇದನ್ನು ಊರಲ್ಲಿ ಹೇಳಿದಾಗ ಹಿರಿಯರೊಬ್ಬರು ಕೇಳಿದರು, "ಅಕ್ಕಮಹಾದೇವಿ ಶ್ರೀಶೈಲಕ್ಕ ನಡದು ಹೋದ್ಳು. ಆಕಿ ಲಾಡ್ಜ್ ಕೇಳಿದ್ಳೇನು?" ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಆದರೆ ಅಕ್ಕ ನಡೆದದ್ದು 12ನೇ ಶತಮಾನದಲ್ಲಿ. ಈಗ ನಮ್ಮ ಹೆಂಗಸರು ನಡೆಯುವುದು ಲಾರಿ ಓಡುವ ಡಾಂಬರು ರಸ್ತೆಯಲ್ಲಿ, ಎರಡೂ ಕಡೆ ಅಂಗಡಿ, ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವ ಫೋನು. ಯಾತ್ರೆ ಅಂದರೆ ಕಷ್ಟಪಡಬೇಕು ಅನ್ನುವುದನ್ನು ನಾನು ಒಪ್ಪುತ್ತೇನೆ. ಮರಗಾಲು ಕಟ್ಟಿಕೊಂಡು ನಡೆಯುವವರನ್ನು ಕಂಡರೆ ನನಗೂ ಕೈ ಮುಗಿಯಬೇಕು ಅನಿಸುತ್ತದೆ. ಆದರೆ ಅದು ಅವರೇ ಬೇಡಿಕೊಂಡ ಕಷ್ಟ. ಮೂತ್ರ ಕಟ್ಟಿಕೊಂಡು ನಡೆಯುತ್ತೇನೆ ಅಂತ ಯಾವ ತಾಯಿಯೂ ಮಲ್ಲಯ್ಯನಿಗೆ ಹರಕೆ ಹೊತ್ತಿಲ್ಲ. ಅದು ನಾವು ಅವರ ಮೇಲೆ ಹೇರಿದ ಕಷ್ಟ.

ರೂಮಿಗೆ ಕೊಡುವ ರೊಕ್ಕವನ್ನು ದಾಸೋಹಕ್ಕೆ ಕೊಟ್ಟರೆ ಪುಣ್ಯ ಅನ್ನುವವರೂ ಇದ್ದಾರೆ. ದಾಸೋಹಕ್ಕೆ ಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಹೋಳಿಗೆ, ಮಜ್ಜಿಗೆ, ಕಲ್ಲಂಗಡಿ ಯಾವುದಕ್ಕೂ ಕೊರತೆ ಇಲ್ಲ. ದಾನಿಗಳಿಗೇ ಒಂದು ಮಾತು: ಈ ಸಲ ಒಂದು ಹೊತ್ತಿನ ಹೋಳಿಗೆ ಬಿಟ್ಟು, ದಾರಿಯಲ್ಲಿ ನಾಲ್ಕು ತಟ್ಟಿ ಕಟ್ಟಿಸಿ ಹೆಂಗಸರಿಗೆ ತಾತ್ಕಾಲಿಕ ಶೌಚಾಲಯ, ಒಂದು ಡ್ರಮ್ ನೀರು ಇಡಿಸಿ. ಅದೂ ದಾಸೋಹವೇ. ಮುಟ್ಟಾದ ಹೆಣ್ಣುಮಕ್ಕಳಿಗೂ ಅದರಿಂದ ಎಷ್ಟು ಹಗುರ ಆಗುತ್ತದೆ ಅಂತ ಮನೆಯಲ್ಲಿ ಕೇಳಿ ನೋಡಿ.

ಇಡೀ ತಂಡ ಲಾಡ್ಜಿನಲ್ಲಿ ಇರಬೇಕು ಅಂತ ನಾನು ಹೇಳುತ್ತಿಲ್ಲ. ಶೌಚಾಲಯ, ನೀರು ಸರಿಯಾಗಿದ್ದರೆ ಮಠವೂ ಆದೀತು, ಕಲ್ಯಾಣ ಮಂಟಪವೂ ಆದೀತು, ಪುಕ್ಕಟೆ ಸಿಕ್ಕರೆ ಇನ್ನೂ ಒಳ್ಳೆಯದು. ಎಲ್ಲಿ ಮಲಗುವುದು ಅಂತ ತೀರ್ಮಾನಿಸುವಾಗ ಹೆಂಗಸರು ಆ ಕಟ್ಟೆಯ ಮೇಲೆ ಕೂತಿರಬೇಕು, ಕೊನೆಯ ಮಾತು ಅವರದಾಗಬೇಕು. ನಾನು ಕೇಳುವುದು ಅಷ್ಟೇ.

ಚಿಗವ್ವ ಆಮೇಲೆ ನಡೆದಿಲ್ಲ. ಈಗ ಮೊಣಕಾಲು ನೋವು. ಹರಕೆ ಇನ್ನೂ ಬಾಕಿ ಇದೆ ಅನ್ನುತ್ತಾಳೆ. ಪ್ರತಿ ವರ್ಷ ಕಂಬಿ ಏಳುವ ದಿನ ಬಂದು ಒಂದು ಸೀರೆ, ಅರಿಶಿನ ಕುಂಕುಮ ಕೊಟ್ಟು, "ಹೆಣ್ಣುಮಕ್ಕಳಿಗೆ ಜಾಗ ನೋಡಿರೇನು?" ಅಂತ ಕೇಳಿ ಹೋಗುತ್ತಾಳೆ.

ನಿಮ್ಮ ಊರಿನ ತಂಡವೂ ಹೊರಡುವುದಿದ್ದರೆ, ಇವತ್ತು ಸಂಜೆಯೇ ಒಬ್ಬರು ಈ ಮಾತು ಎತ್ತಿ.